ಇಪ್ಪತ್ತು ಗ್ರಾಮಿನ ಬಟ್ಟು

"ಸಿಸ್ಟರ್, ನನ್ನ ಮಗು ದಪ್ಪ ಆಗ್ತಿದೆ ಅಲ್ವಾ?"

ಗಾಜಿನ ಪೆಟ್ಟಿಗೆಯೊಳಗಿನ ಮೂರು ದಿನದ ಕೂಸನ್ನು ನೋಡುತ್ತಾ ಬಾಣಂತಿ ಕೇಳಿದಾಗ, ಸಿಸ್ಟರ್ ಬಗ್ಗಿ ಕೂಸಿನ ಮುಖ ನೋಡಿದಳು. ಹುಟ್ಟಿದ ಮೊದಲ ದಿನಗಳಲ್ಲಿ ಕೂಸು ತುಸು ಇಳಿಯಬೇಕು. ಇದು ನಿನ್ನೆಗಿಂತ ಐವತ್ತು ಗ್ರಾಂ ಏರಿತ್ತು, ರೆಪ್ಪೆಗಳು ಊದಿಕೊಂಡಿದ್ದವು. ಅದು ಮೈಯಲ್ಲ, ನೀರು.

ಕೂಸಿನ ನೀರಿನ ಲೆಕ್ಕ ಬರೆಯುವ ಪಟ್ಟಿ ಮಾತ್ರ ಬೇರೆಯೇ ಹೇಳುತ್ತಿತ್ತು. ಡ್ರಿಪ್ಪಿನಿಂದ ಒಳಗೆ ಹೋದದ್ದು, ಒದ್ದೆ ಬಟ್ಟೆ ತೂಗಿ ಬರೆದ ಉಚ್ಚೆಯ ಲೆಕ್ಕ, ಎರಡೂ ತಾಳೆಯಾಗುತ್ತಿದ್ದವು. ಡಾಕ್ಟರು ಅದನ್ನೇ ನಂಬಿದ್ದರು.

ಹಾಗಾದರೆ ಸುಳ್ಳು ಹೇಳುತ್ತಿರುವುದು ಬಟ್ಟೆ ತೂಗುವ ತಕ್ಕಡಿ. ಅದನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕನ್ನು ಕರೆಸಬೇಕು. ಅಲ್ಲೇ ಅವಳ ಕೈ ಹಿಂಜರಿಯಿತು. ಹಿಂದೆ ಎರಡು ಸಲ "ತಕ್ಕಡಿ ಕೆಟ್ಟಿದೆ" ಎಂದು ಅವನನ್ನು ಕರೆಸಿದ್ದಳು. ಎರಡು ಸಲವೂ ಕೆಟ್ಟಿರಲಿಲ್ಲ. ಒಂದು ತಟ್ಟೆ, ಒಂದು ಲೋಟದ ಬದುಕು ಅವಳದು. ಅವನು ತಲೆ ಬಗ್ಗಿಸಿ ಕೆಲಸ ಮಾಡುತ್ತಾ ಏನೋ ಗೊಣಗುವ ಆ ಅರ್ಧ ಗಂಟೆ ಅವಳಿಗೆ ಬೇಕಾಗಿತ್ತು, ಅಷ್ಟೆ. ಈಗ ಹುಲಿ ನಿಜವಾಗಿಯೂ ಬಂದಿತ್ತು.

"ಈ ಸಲ ನಿಜ ಕಣ್ರೀ," ಎಂದಳು ಫೋನಿನಲ್ಲಿ. ನಾಚಿಕೆಗೆ ಕಿವಿ ಬಿಸಿಯಾಯಿತು.

ಹತ್ತೇ ನಿಮಿಷಕ್ಕೆ ಬಂದ. ಜೇಬಿನಿಂದ ಹಿತ್ತಾಳೆಯ ತೂಕದ ಬಟ್ಟೊಂದನ್ನು ತೆಗೆದು ತಕ್ಕಡಿಯ ಮೇಲಿಟ್ಟ.

"ಇಪ್ಪತ್ತಕ್ಕೆ ಇಪ್ಪತ್ತಾರು ತೋರಿಸ್ತಿದೆ. ಏನಿಟ್ರೂ ಆರು ಗ್ರಾಂ ಜಾಸ್ತಿ. ದಿನಕ್ಕೆ ಎಷ್ಟು ಬಟ್ಟೆ?"

"ಎಂಟು," ಎಂದವಳೇ ಡಾಕ್ಟರ ಕೋಣೆಗೆ ಓಡಿದಳು. ಬಟ್ಟೆಗೆ ಆರರಂತೆ ದಿನಕ್ಕೆ ನಲವತ್ತೆಂಟು ಗ್ರಾಂ: ಕೂಸು ಹೊರಹಾಕಿತೆಂದು ಬರೆದಿದ್ದ ನೀರು ಅದರ ಮೈಯೊಳಗೇ ನಿಂತಿತ್ತು. ಡಾಕ್ಟರು ಕೂಡಲೇ ಬಂದು ಡ್ರಿಪ್ ಕಡಿಮೆ ಮಾಡಿದರು.

ಎರಡು ದಿನಕ್ಕೆ ಊತ ಇಳಿದು ಕೂಸು ಕಣ್ಣು ಬಿಟ್ಟಿತು.

"ಸೊರಗಿಹೋಯ್ತಲ್ಲ ಸಿಸ್ಟರ್!"

"ಸೊರಗಲಿ ಬಿಡಮ್ಮ. ಇನ್ನು ಬೆಳೆಯೋದೆಲ್ಲ ಅದರದ್ದೇ ಮೈ."

ಆ ಮಧ್ಯಾಹ್ನ ಅವನು ತಾನು ಸರಿಮಾಡಿದ್ದ ತಕ್ಕಡಿಯನ್ನು ಮತ್ತೊಮ್ಮೆ ನೋಡಲು ಬಂದ. ಅವಳು ಪಟ್ಟಿಯಿಂದ ತಲೆಯೆತ್ತದೆ ಹೇಳಿದಳು, "ಎರಡು ಸಲ ಸುಮ್ಮನೆ ಓಡಾಡಿಸಿದ್ದೆ. ಆದ್ರೂ ಬಂದ್ರಲ್ಲ."

"ಆ ಎರಡು ಸಲಾನೂ, ಹಿಂದಿನ ದಿನವಷ್ಟೇ ತಪಾಸಣೆಗೆ ಬಂದು ನಾನೇ ನೋಡಿ ಹೋಗಿದ್ದೆ. ಕೆಟ್ಟಿಲ್ಲ ಅಂತ ಗೊತ್ತಿದ್ದೇ ಬಂದೆ."

ಪೆನ್ನು ನಿಂತಿತು. ಅವನು ಬಟ್ಟನ್ನು ಅವಳ ಅಂಗೈಯಲ್ಲಿಟ್ಟ. ಅವನ ಜೇಬಿನ ಬಿಸಿ ಇನ್ನೂ ಅದರಲ್ಲಿತ್ತು.

"ದಿನಾ ಬೆಳಿಗ್ಗೆ ಇಟ್ಟು ನೋಡಿ. ಇಪ್ಪತ್ತು ತೋರಿಸದಿದ್ರೆ ಕರೀರಿ."

"ತೋರಿಸಿದ್ರೆ?"

ಅವನು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದ, ತಿರುಗಿದ. "ಸರಿಯಾಗಿದೆ ಅಂತ ಹೇಳೋಕಾದ್ರೂ ಕರೀಬಹುದಲ್ವಾ?"

ಮರುದಿನ ಬೆಳಿಗ್ಗೆ ತಕ್ಕಡಿ ಇಪ್ಪತ್ತೇ ತೋರಿಸಿತು. ಅವಳು ಫೋನ್ ಎತ್ತಿಕೊಂಡಳು.