ಹೆಸ್ಟರಜ್ಜಿಯ ಬಟ್ಟೆ

"ರೀ, ಅದನ್ನ ಅಲ್ಲೇ ಬಿಡಿ! ಅದು ನನ್ನದು!"

ರೋವೆನಾಳಿಗೆ ನಾನು ಹೇಳಿದ ಮೊದಲ ಮಾತು ಇದು. ಪ್ರೀತಿ ಇದಕ್ಕಿಂತ ಚೆನ್ನಾಗಿ ಶುರುವಾಗಬಹುದಿತ್ತು, ಒಪ್ಪುತ್ತೇನೆ.

ಆದರೆ ನನ್ನ ಕಡೆಯಿಂದಲೂ ಸ್ವಲ್ಪ ನೋಡಿ. ರಾತ್ರಿಯೆಲ್ಲ ಪಶ್ಚಿಮದ ಗಾಳಿ ಬೀಸಿ ಬೆಳಗಾಗುವಷ್ಟರಲ್ಲಿ ದಡದ ತುಂಬ ಕೆಲ್ಪ್ ಬಂದು ಬಿದ್ದಿತ್ತು. ಹಸುವಿನ ತೊಗಲಿನಷ್ಟು ದಪ್ಪಗಿರುವ ಈ ಕಡಲಪಾಚಿಯನ್ನು ಎಳೆದು, ಒಣಗಿಸಿ, ಮಾರುವುದೇ ನನ್ನ ಹೊಟ್ಟೆಪಾಡು. ಬಾಸ್ ಜಲಸಂಧಿಯ ನಮ್ಮ ಪುಟ್ಟ ದ್ವೀಪದಲ್ಲಿ ಅದಕ್ಕೊಂದು ರೂಢಿಯಿದೆ. ಅಲೆ ಮುಟ್ಟುವ ಕೊನೆಯ ಗೆರೆಯಿಂದ ಮೇಲಕ್ಕೆ ಯಾರು ಎಳೆದರೋ, ಕೆಲ್ಪ್ ಅವರದು. ಆಮೇಲೆ ಬೇರೆ ಯಾರೂ ಮುಟ್ಟುವಂತಿಲ್ಲ. ಹೀಗಿರುವಾಗ ನಾನು ಬೆವರು ಸುರಿಸಿ ಎಳೆದು ಹಾಕಿದ್ದ ರಾಶಿಯ ಮೇಲೆ ಯಾರೋ ಹೆಂಗಸು ಬಗ್ಗಿಕೊಂಡು ಏನನ್ನೋ ಕೀಳುತ್ತಿದ್ದಳು.

ಅವಳು ತಿರುಗಿದಳು. ಕೈಯಲ್ಲಿ ಕೇಕ್ ಬೇಯಿಸುವ ತಟ್ಟೆ. ತಟ್ಟೆಯ ನೀರಿನಲ್ಲಿ ಹೆಬ್ಬೆರಳಿನಷ್ಟುದ್ದದ, ಕೂದಲಿಗಿಂತ ತೆಳುವಾದ ಕೆಂಪು ಪಾಚಿಯೊಂದು ತೇಲುತ್ತಿತ್ತು.

"ಇದು ನಿಮ್ಮದಾ?"

"ಅದಲ್ಲ... ಅದು ಅಂಟಿಕೊಂಡಿದ್ದ ಕೆಲ್ಪ್ ನನ್ನದು."

"ಓ, ಹಾಗಾದ್ರೆ ಮನೆ ನಿಮ್ಮದು. ಬಾಡಿಗೆಗಿದ್ದವಳನ್ನ ಮಾತ್ರ ನಾನು ಕರ್ಕೊಂಡು ಹೋಗ್ತಿದೀನಿ."

ಗಾಳಿಗೆ ಕೂದಲು ಅವಳ ಬಾಯಿಗೇ ನುಗ್ಗುತ್ತಿತ್ತು. ಸರಿಸಿಕೊಳ್ಳಲು ಕೈ ಖಾಲಿಯಿಲ್ಲ. ಕೆಳತುಟಿ ಮುಂದೆ ಮಾಡಿ ಉಫ್ ಎಂದು ಊದಿಕೊಂಡಳು. ಕೂದಲು ಹಾರಿತು, ಮತ್ತೆ ಅಲ್ಲೇ ಬಂದು ಕೂತಿತು. ಅವಳು ನನ್ನನ್ನು ನೋಡಿ, ಇದಕ್ಕೂ ನೀವೇ ಕಾರಣ ಎಂಬಂತೆ ಹುಬ್ಬು ಗಂಟಿಕ್ಕಿದಳು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

"ಅಂದ ಹಾಗೆ, ಇಲ್ಲಿ ಫರ್ಗಸ್ ಟುಲಕ್ ಅಂತ ಯಾರಾದ್ರೂ ಇದಾರಾ? ಸ್ವಲ್ಪ ಮುಂಗೋಪಿ ಅಂತ ಗೆಸ್ಟ್‌ಹೌಸಿನ ಡಾಟ್ ಹೇಳಿದ್ರು."

"ಅವನು ಚಿನ್ನದಂಥ ಮನುಷ್ಯ. ಡಾಟ್‌ಗೆ ತಲೆ ಕೆಟ್ಟಿದೆ."

ಅವಳು ನನ್ನನ್ನು ತಲೆಯಿಂದ ರಬ್ಬರ್ ಬೂಟಿನವರೆಗೆ ಅಳೆದು ನೋಡಿದಳು. "ಸಿಕ್ಕಿದ್ರಲ್ಲ," ಎಂದು ನಕ್ಕಳು.

ರೋವೆನಾ ಪೈಕ್ ಹೋಬಾರ್ಟ್ ನಗರದ ಮ್ಯೂಸಿಯಮ್ಮಿನಿಂದ ಬಂದದ್ದು ನನಗಾಗಿಯಲ್ಲ, ನನ್ನ ಮುತ್ತಜ್ಜನ ತಂಗಿ ಹೆಸ್ಟರಳಿಗಾಗಿ. ನೂರು ವರ್ಷಕ್ಕೂ ಹಿಂದೆ ಹೆಸ್ಟರಜ್ಜಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಅಣ್ಣನ ಕೈಗೆ ಕೊಟ್ಟು, ಉದ್ದ ಲಂಗದಲ್ಲೇ ಕುತ್ತಿಗೆಯವರೆಗೆ ಕಡಲಿಗಿಳಿಯುತ್ತಿದ್ದಳಂತೆ. ಕಿತ್ತು ತಂದ ಪಾಚಿಯನ್ನು ನೀರಿನ ತಟ್ಟೆಯಲ್ಲಿ ತೇಲಿಬಿಟ್ಟು, ಕೆಳಗಿನಿಂದ ಕಾಗದ ತೂರಿಸಿ ಮೆಲ್ಲಗೆ ಎತ್ತಿ, ಮೇಲೆ ಬಟ್ಟೆ ಮುಚ್ಚಿ ಒತ್ತಿಡುತ್ತಿದ್ದಳು. ಒಣಗಿದ ಮೇಲೆ ಬೆಣ್ಣೆ ಪೆಟ್ಟಿಗೆಯಲ್ಲಿ ತುಂಬಿ ನಗರದ ಡಾಕ್ಟರ್ ಹಾರ್ಕ್ನೆಸ್‌ಗೆ ಕಳಿಸುತ್ತಿದ್ದಳು. ಆ ಪುಣ್ಯಾತ್ಮ ಎಲ್ಲದರ ಮೇಲೂ ತನ್ನ ಹೆಸರು ಬರೆದುಕೊಂಡ. ವಿಜ್ಞಾನಕ್ಕೆ ಅವಳು ಯಾರೂ ಅಲ್ಲ. ನಮ್ಮೂರಿಗೆ ಅವಳು ಕಸದ ಹೆಸ್ಟರ್.

"ಅವಳ ಪಾಚಿ ಒತ್ತೋ ಪ್ರೆಸ್ಸು ನಮ್ಮನೇಲಿತ್ತು. ನಮ್ಮಜ್ಜಿ ಅದರಲ್ಲಿ ಚೀಸ್ ಒತ್ತುತ್ತಾ ಇದ್ರು," ಎಂದೆ.

ರೋವೆನಾ ಕಣ್ಣು ಮುಚ್ಚಿಕೊಂಡಳು. "ಈ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ."

ನನ್ನ ಅಡುಗೆಮನೆಯಲ್ಲಿ ಕೂತು, ಫೋನಿನಲ್ಲಿ ಹಾರ್ಕ್ನೆಸ್ ಹೆಸರಿನ ಹಾಳೆಗಳ ಫೋಟೋ ತೋರಿಸಿದಳು. ಒಣಪಾಚಿಯ ಮೇಲೆ ನೇಯ್ಗೆಯ ಅಚ್ಚು ಮೂಡಿತ್ತು. ಎಷ್ಟೋ ಹಾಳೆಗಳಲ್ಲಿ ಅದೇ ನೇಯ್ಗೆ, ಅದರ ನಡುವೆ ಅದೇ ಒಂದು ಕಲೆ.

"ಹರಿದ ಬಟ್ಟೆನ ಯಾರೋ ಹೊಲಿದಿದಾರೆ. ನೋಡಿ, ಜೇಡದ ಹಾಗಿದೆ, ಒಂದು ಕಾಲು ಗಿಡ್ಡ. ಈ ಬಟ್ಟೆ ಹೆಸ್ಟರ್ ಮನೇದು ಅಂತ ತೋರಿಸಿದ್ರೆ ಸಾಕು, ಇದೆಲ್ಲ ಅವರ ಕೈ ಕೆಲಸ ಅಂತ ಯಾರೂ ಅಲ್ಲಗಳೆಯೋಕಾಗಲ್ಲ. ಸೆಪ್ಟೆಂಬರಲ್ಲಿ ಪ್ರದರ್ಶನ. ಸಿಗದಿದ್ರೆ ಮತ್ತೆ ಆ ಹಾರ್ಕ್ನೆಸ್ ಹೆಸರೇ."

ಜೂನಿನಲ್ಲಿ ಶುರುವಾಗುವ ನಮ್ಮ ಚಳಿಗಾಲವಿಡೀ ವಾರಾಂತ್ಯಗಳಲ್ಲಿ ಅವಳು ಬಂದಳು. ನಮ್ಮ ದ್ವೀಪದ ವಿಮಾನವೆಂದರೆ ರೆಕ್ಕೆ ಕಟ್ಟಿದ ಹೊಲಿಗೆ ಮೆಷಿನ್ನು. ಅವಳಿಗೆ ಅದನ್ನು ಕಂಡರೆ ಜೀವಭಯ. ಸುಣ್ಣದ ಮುಖ ಹೊತ್ತು ಇಳಿಯುವಳು, ಟೀ ಕುಡಿಯುವವರೆಗೂ ಮಾತಿಲ್ಲ. ಆಮೇಲೆ ಅಟ್ಟ ಹತ್ತಿಸಿ ನನ್ನಿಂದ ಪೆಟ್ಟಿಗೆ ಇಳಿಸುವಳು, ಮತ್ತೆ ಏರಿಸುವಳು. ಮಧ್ಯಾಹ್ನ ನಾನು ಬೇಯಿಸಿದ ಬ್ರೆಡ್ಡು, ಸೂಪು. ಒಂದು ದಿನ ಊಟದುದ್ದಕ್ಕೂ ನನ್ನ ಬಲಗಿವಿಯನ್ನೇ ನೋಡುತ್ತ, ತುಟಿ ಕಚ್ಚಿ ನಗು ತಡೆದುಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ಕನ್ನಡಿ ನೋಡಿಕೊಂಡರೆ ಕಿವಿಗೆಲ್ಲ ಹಿಟ್ಟು.

"ಮೊದಲೇ ಹೇಳಬಾರದಿತ್ತಾ?" ಎಂದು ಮುಂದಿನ ವಾರ ಕೇಳಿದೆ.

"ಹೇಳಿದ್ರೆ ನೀನು ಒರೆಸಿಕೊಂಡುಬಿಡ್ತಿದ್ದೆ."

ಅವತ್ತೇ ಮೊದಲ ಸಲ ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು. ನಾನು ಸೂಪಿಗೆ ಎರಡು ಸಲ ಉಪ್ಪು ಹಾಕಿದೆ.

ಊರಿಗೆ ಗೊತ್ತಾಗದೆ ಇರುತ್ತದೆಯೇ? ನಮ್ಮಲ್ಲಿ ಎದುರಿಗೆ ಗಾಡಿ ಬಂದರೆ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುವುದು ಮರ್ಯಾದೆ. ಡಾಟ್ ಅಂಗಡಿಯಲ್ಲೇ ನನ್ನನ್ನು ಹಿಡಿದಳು. "ಲೋ ಫರ್ಗಸ್, ಆ ಹುಡುಗಿ ಗಾಡಿ ಎದುರಿಗೆ ಬಂದಾಗ ಇಡೀ ಕೈ ಎತ್ತಿದೆಯಂತೆ? ಈ ಮುದುಕಿಗೆ ಮಾತ್ರ ಒಂದೇ ಬೆರಳೇನೋ?"

"ಕೈ ಜೋಮು ಹಿಡಿದಿತ್ತು, ಡಾಟ್."

"ಹೂಂ, ಹೂಂ. ಮುಖ ನೋಡಿದ್ರೆ ಜೋಮು ತಲೆಗೂ ಏರಿರೋ ಹಾಗಿದೆ."

ಆಗಸ್ಟಿನ ಒಂದು ಶನಿವಾರ. ಅವಳ ವಿಮಾನ ಮಧ್ಯಾಹ್ನಕ್ಕಿತ್ತು. ಅವಳು ಬರುತ್ತಾಳೆಂದು ಹಿಟ್ಟು ಸ್ವಲ್ಪ ಜಾಸ್ತಿಯೇ ಕಲಸಿ, ಅಜ್ಜಿಯ ಕಾಲದಿಂದ ಡ್ರಾಯರಿನಲ್ಲಿರುವ ಒರಟು ಲಿನನ್ ಬಟ್ಟೆಯನ್ನು ಒದ್ದೆ ಮಾಡಿ ಮುಚ್ಚಿದ್ದೆ. ಹಿಟ್ಟು ಉಬ್ಬಿ ಬಟ್ಟೆಗೆ ಒತ್ತಿಕೊಂಡಿತ್ತು. ಬಟ್ಟೆ ಎತ್ತಿದೆ. ಹಿಟ್ಟಿನ ಮೇಲೆ ನೇಯ್ಗೆಯ ಅಚ್ಚು. ಅದರ ನಡುವೆ ಒಂದು ಜೇಡ. ಒಂದು ಕಾಲು ಗಿಡ್ಡ.

ನಾನು ಕುರ್ಚಿ ಎಳೆದುಕೊಂಡು ಕೂತೆ.

ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಂತೋಷವಲ್ಲ, ಹೆದರಿಕೆ. ಹೇಳಿದರೆ ಅವಳ ಕೆಲಸ ಮುಗಿಯುತ್ತದೆ. ಕೆಲಸ ಮುಗಿದ ಮೇಲೆ ಆ ಹೊಲಿಗೆ ಮೆಷಿನ್ನು ಹತ್ತಿ ನನ್ನ ಉಪ್ಪು ಸೂಪಿಗೆ ಯಾರು ಬರುತ್ತಾರೆ? ಬಟ್ಟೆಯನ್ನು ಡ್ರಾಯರಿಗೆ ಹಾಕಿ ಸುಮ್ಮನಿದ್ದರೆ ಇನ್ನೊಂದಿಷ್ಟು ಶನಿವಾರಗಳಾದರೂ ಸಿಗುತ್ತವೆ. ಹಾಗೆ ಯೋಚಿಸಿದ್ದು ಟೀ ಆರುವಷ್ಟು ಹೊತ್ತು. ಆಮೇಲೆ ಹೆಸ್ಟರಜ್ಜಿ ನೆನಪಾದಳು. ತನ್ನ ಅನುಕೂಲಕ್ಕಾಗಿ ಅವಳ ಹೆಸರು ನುಂಗಿದವನು ಆಗಲೇ ಒಬ್ಬನಿದ್ದಾನೆ. ಎರಡನೆಯವನು ನಾನಾಗುವುದು ಬೇಡ. ಬಟ್ಟೆಯನ್ನು ಮಡಚಿ ಕೋಟಿನ ಒಳಜೇಬಿಗಿಟ್ಟುಕೊಂಡೆ.

ಅಷ್ಟರಲ್ಲಿ ದಡಕ್ಕೆ ಕೆಲ್ಪ್ ಬಂದಿದೆ ಎಂದು ಫೋನ್ ಬಂತು. ಕೆಲ್ಪ್ ಯಾರಿಗೂ ಕಾಯುವುದಿಲ್ಲ. ಊರಿಗೆ ಊರೇ ಬಂಡಿ ಕಟ್ಟಿಕೊಂಡು ಇಳಿದಿತ್ತು. ಮಧ್ಯಾಹ್ನ ನಾನು ಮೊಣಕಾಲು ನೀರಿನಲ್ಲಿ ಎಳೆಯುತ್ತಿರುವಾಗ ಡಾಟ್‌ಳ ಟ್ರಕ್ಕು ಬಂದು ನಿಂತಿತು. ಅದರಿಂದ ಸುಣ್ಣದ ಮುಖದ ರೋವೆನಾ ಇಳಿದು ನೇರವಾಗಿ ನೀರಿನವರೆಗೂ ಬಂದಳು.

"ಟೀ ಕುಡೀಲಿಲ್ವಾ?"

"ಇಲ್ಲ. ಮೊದಲು ನಿನ್ನ ನೋಡೋಣ ಅಂತ ಬಂದೆ. ಏನಾಯ್ತು? ಮುಖ ಯಾಕೆ ಹೀಗಿದೆ?"

ಬಟ್ಟೆ ತೆಗೆದು ಅವಳ ಕೈಗಿಟ್ಟೆ. "ಸಿಕ್ತು. ಇಷ್ಟು ದಿನ ಬ್ರೆಡ್ಡಿಗೆ ಮುಚ್ಚುತ್ತಿದ್ದೆ, ದಡ್ಡ ನಾನು. ತಗೋ. ಹೆಸ್ಟರಜ್ಜಿ ಹೆಸರು ಹಾಕಿಸು. ಇನ್ನು ನೀನು ಬರಬೇಕಾಗಿಲ್ಲ, ಅದೊಂದೇ ನನಗೆ ಬೇಜಾರು. ಎಷ್ಟು ಬೇಜಾರು ಅಂತ ಹೇಳೋಕೆ ನನಗೆ ಬರಲ್ಲ."

ಅವಳು ಬಟ್ಟೆ ಬಿಡಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಶ್ಚರ್ಯವೇ ಇಲ್ಲ. ಕಣ್ಣಲ್ಲಿ ಮಾತ್ರ ನೀರು.

"ಪ್ರದರ್ಶನದ ಬೋರ್ಡೆಲ್ಲ ಬರೆದಾಯ್ತು, ಫರ್ಗಸ್. ಹೆಸ್ಟರ್ ಹೆಸರಲ್ಲೇ."

"ಅಂದ್ರೆ?"

"ಎರಡನೇ ಸಲ ಬಂದಾಗಲೇ ನಿನ್ನ ಹಿಟ್ಟಿನ ಮೇಲೆ ಈ ಬಟ್ಟೆ ನೋಡಿದ್ದೆ. ನೀನು ಕೆಟಲ್ ಇಡೋಕೆ ತಿರುಗಿದಾಗ ಫೋಟೋ ತೆಗೆದೆ. ಬಟ್ಟೆ ಮಾತ್ರ ನೀನಾಗೇ ಕೊಡ್ಲಿ ಅಂತ ಕಾದೆ."

"ಮತ್ತೆ ಅಟ್ಟದಲ್ಲಿ ನನ್ನ ಕೈಲಿ ಅಷ್ಟೊಂದು ಪೆಟ್ಟಿಗೆ ಎತ್ತಿಸಿದ್ದು?"

"ನೀನು ಪೆಟ್ಟಿಗೆ ಎತ್ತೋದು ನೋಡೋಕೆ ಚೆನ್ನಾಗಿರತ್ತೆ."

"ಮೊದಲ ದಿನವೇ ಅಂದುಕೊಂಡಿದ್ದೆ, ನೀನು ಕಳ್ಳಿ ಅಂತ!"

"ಕಳ್ಳಿ ಅಲ್ಲ. ನಿಮ್ಮೂರ ರೂಢಿ ಪ್ರಕಾರವೇ ನಡ್ಕೋತೀನಿ."

ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ನನ್ನ ಎರಡೂ ತೋಳು ಹಿಡಿದು, ಹಿಂದೆ ಹಿಂದೆ ನಡೆಯುತ್ತ ಎಳೆಯತೊಡಗಿದಳು. ಬೂಟಿನಲ್ಲಿ ನೀರು ತುಂಬಿದ್ದ ನಾನು ಕೆಲ್ಪಿಗಿಂತ ಭಾರವಿದ್ದಿರಬೇಕು. ಅವಳ ಮುಖಕ್ಕೆ ಬಣ್ಣ ಬಂತು, ಕೂದಲು ಬಾಯಿಗೆ ಬಂತು, ಉಫ್ ಎಂದು ಊದಿದಳು, ಆದರೆ ಕೈ ಬಿಡಲಿಲ್ಲ. ನೊರೆ ಒಣಗಿದ ಗೆರೆ ದಾಟಿದ ಮೇಲೆಯೇ ನಿಂತದ್ದು.

"ಇದೇ ತಾನೆ ಗೆರೆ?"

"ಇದೇ."

"ಮೇಲಕ್ಕೆ ಎಳೆದವರು ಯಾರು?"

"ನೀನು."

"ಹಾಗಾದ್ರೆ ಬೇರೆ ಯಾರೂ ಮುಟ್ಟೋ ಹಾಗಿಲ್ಲ," ಎಂದು ನನ್ನ ಒದ್ದೆ ಕೋಟಿಗೆ ಹಣೆ ಆನಿಸಿದಳು. ಆ ಕೂದಲನ್ನು ನಾನೇ ಸರಿಸಿ, ಅವಳಿಗೆ ಮುತ್ತಿಟ್ಟೆ.

ಟ್ರಕ್ಕಿನ ಹಾರ್ನ್ ಹೊಡೆದುಕೊಂಡಿತು. "ಅವನನ್ನ ಮೊದಲು ಒಣಗೋಕೆ ಹಾಕಮ್ಮಾ," ಎಂದು ಡಾಟ್ ಕಿಟಕಿಯಿಂದ ಕೂಗಿದಳು, "ತೊಟ್ಟಿಕ್ತಾ ಇದಾನೆ!"

ನಾನು ಎಳೆಯಬೇಕಿದ್ದ ಕೆಲ್ಪನ್ನೆಲ್ಲ ಅವತ್ತು ಊರವರು ಎಳೆದುಕೊಂಡು ಹೋದರು. ನಾವಿಬ್ಬರೂ ಮನೆಗೆ ಹೋಗಿ ಬ್ರೆಡ್ಡು ಬೇಯಿಸಿದೆವು.