ಎಡಕ್ಕೆ ವಾಲಿದ ರೆಕ್ಕೆ

ಏಪ್ರಿಲ್ ನಡುವಿನ ಹಸಿ ಬೆಳಗು. ಚಳಿಗಾಲವಿಡೀ ಕೊಟ್ಟಿಗೆಯಲ್ಲೇ ಇದ್ದ ಹಸುಗಳನ್ನು ಹುಲ್ಲುಗಾವಲಿಗೆ ಬಿಡುವ ದಿನ. ನೀಂಕೆ ಗಮ್‌ಬೂಟು ಮೆಟ್ಟಿ, ಗೇಟಿನ ಅಗುಳಿ ಹಿಡಿದು ನಿಂತಿದ್ದಳು. ಒಳಗೆ ಹಸುಗಳು ಗೊರಸು ಕುಟ್ಟುತ್ತಿದ್ದವು. ಅವಳ ಎದೆಯೂ ಸುಮ್ಮನಿರಲಿಲ್ಲ.

ಕಾಲುವೆಯ ಸೇತುವೆ ದಾಟಿ ಹಾರ್ಮೆನ್ ಬರುತ್ತಿದ್ದ. ಆಚೆ ದಡದ ಗಾಳಿಗಿರಣಿಯನ್ನು ನೋಡಿಕೊಳ್ಳುವವನು ಅವನೇ. ಕಳೆದ ಭಾನುವಾರ ಅವಳನ್ನು ಕೇಳಿದ್ದ: "ಗಿರಣಿ ಮನೆಗೆ ಬಂದುಬಿಡ್ತೀಯಾ ನೀಂಕೆ? ನನ್ನ ಹೆಂಡ್ತಿಯಾಗಿ?"

ಹೂಂ ಅನ್ನಲು ಬಾಯೇ ಬಂದಿರಲಿಲ್ಲ. ಅಷ್ಟು ನಾಚಿಕೆ! ಬದಲಿಗೆ ನಿನ್ನೆ ಸಂಜೆ ಉತ್ತರವನ್ನು ಕಂಪ್ಯೂಟರಿನಲ್ಲಿ ಬರೆದು ಕಳಿಸಿದ್ದಳು. ಪ್ರೋಗ್ರಾಂ ಬರೆಯುವುದನ್ನು ಈ ಚಳಿಗಾಲದಲ್ಲಿ ಹೇಳಿಕೊಟ್ಟವನು ಅವನೇ. ಸೈನ್, ಕೊಸೈನ್ ಹಾಕಿ ಗಿರಣಿಯ ನಾಲ್ಕು ರೆಕ್ಕೆ ಬಿಡಿಸುವ ಆ ಪ್ರೋಗ್ರಾಂ, ಅವಳು ತಾನಾಗಿ ಮುಗಿಸಿದ ಮೊದಲನೆಯದು.

ಆ ಸೀಮೆಯಲ್ಲಿ ನಿಂತ ರೆಕ್ಕೆಗಳೂ ಮಾತಾಡುತ್ತವೆ. ಗಿರಣಿಯವರು ಮೇಲಿನ ರೆಕ್ಕೆಯನ್ನು ನೆತ್ತಿಗೇರುವ ಮೊದಲೇ ನಿಲ್ಲಿಸಿದರೆ ಸಂತೋಷ, ಮದುವೆಯೋ, ಮಗುವೋ. ನೆತ್ತಿ ದಾಟಿದ ಮೇಲೆ ನಿಲ್ಲಿಸಿದರೆ ಸೂತಕ. ನೀಂಕೆ ಸಂತೋಷದ ರೆಕ್ಕೆ ಬಿಡಿಸಿದ್ದಳು.

ಓಡಿ ಬಂದು ಅಪ್ಪಿಕೊಳ್ತಾನೆ... ಅಂದುಕೊಂಡಿದ್ದಳು. ಅವನು ತಲೆಯನ್ನೇ ಎತ್ತಲಿಲ್ಲ.

"ನಿನ್ನ ಉತ್ತರ ನೋಡ್ದೆ."

"ಹ್ಞೂಂ...?"

"ಪರವಾಗಿಲ್ಲ."

ಪರವಾಗಿಲ್ಲ! ನೀಂಕೆಗೆ ಕೆನ್ನೆಗೆ ಹೊಡೆದಂತಾಯಿತು.

ಕೊಟ್ಟಿಗೆಯ ಬಾಗಿಲಲ್ಲಿ ಪೊರಕೆ ಹಿಡಿದಿದ್ದ ಅವಳ ಸೋದರತ್ತೆ ಫೂಲ್ಕೆ ಕೂಗಿದಳು: "ಏನೋ ಹಾರ್ಮೆನ್, ಮುಖ ಹುಳಿ ಮಜ್ಜಿಗೆ ಆಗಿದೆ?"

"ಏನಿಲ್ಲ ಅತ್ತೆ. ಹಸು ಬಿಡಿ."

ಅಗುಳಿ ಸರಿಯಿತು. ಹಸುಗಳು ಒಂದರ ಮೇಲೊಂದು ಬಿದ್ದು ಹೊರನುಗ್ಗಿದವು. ಹಿಂಗಾಲು ಝಾಡಿಸಿ, ಬಾಲ ಎತ್ತಿ, ಮುದಿ ಹಸುಗಳೂ ಕರುಗಳಂತೆ ಕುಣಿದವು. ಅತ್ತೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಇಬ್ಬರು ಮಾತ್ರ ನಗಲಿಲ್ಲ.

ಕೇಳಿದ್ದು ಬರೀ ಬಾಯಿಮಾತಿಗೇನಾ...? ನೀಂಕೆಗೆ ತಡೆಯಲಾಗಲಿಲ್ಲ.

"ಪರವಾಗಿಲ್ಲ ಅಂದ್ರೆ ಏನೋ ಅರ್ಥ? ಬೇಡ ಅನ್ನಿಸಿದ್ರೆ ಬೇಡ ಅಂತ ಹೇಳು!"

"ನಾನಾ? ಬೇಡ ಅಂದೋಳು ನೀನು! ಅದೂ ಸೂತಕದ ರೆಕ್ಕೆ ಬಿಡಿಸಿ! ಯಾರು ಸತ್ತಿದ್ರು ನಿಮ್ಮನೇಲಿ?"

"ನಾನಂತೂ ಬದುಕಿದ್ದೀನಪ್ಪ!" ಎಂದಳು ಅತ್ತೆ.

ನೀಂಕೆ ಫೋನು ತೆಗೆದು ಚಿತ್ರವನ್ನು ಅವನ ಮೂಗಿನ ಹತ್ತಿರ ಹಿಡಿದಳು. "ಎಲ್ಲಿದೆ ಸೂತಕ? ತೋರ್ಸು!"

"ಇಲ್ಲೇ. ಮೇಲಿನ ರೆಕ್ಕೆ ಎಡಕ್ಕೆ ವಾಲಿದೆ."

"ಎಡಕ್ಕೇ ವಾಲೋದು! ಹುಟ್ಟಿದಾಗಿಂದ ಅಡುಗೆಮನೆ ಕಿಟಕೀಲಿ ನೋಡ್ತಾ ಬಂದಿದ್ದೀನಿ. ಮದುವೆ ದಿನ ಎಡಕ್ಕೆ!"

ಹಾರ್ಮೆನ್ ಕಿಟಕಿ ನೋಡಿದ. ಗಿರಣಿ ನೋಡಿದ. ತುಟಿಯಂಚಿನಲ್ಲಿ ನಗು ಹುಟ್ಟಿತು.

"ಗಿರಣಿ ಮುಖ ಗಾಳಿ ಬರೋ ಕಡೆಗೆ ಇರುತ್ತೆ ಮಾರಾಯ್ತಿ. ನಿಮ್ಮ ಅಡುಗೆಮನೆಗೆ ಕಾಣೋದು ಅದರ ಬೆನ್ನು! ಎದುರಿಂದ ನೋಡಿದ್ರೆ ಸಂತೋಷ ಬಲಕ್ಕೆ."

ನೀಂಕೆ ಕಿವಿಯವರೆಗೂ ಕೆಂಪಾದಳು. ಆದರೆ ಸೋಲುವ ಹೆಣ್ಣಲ್ಲ ಅವಳು.

"ಇರು! ನೆಟ್ಟಗೆ ನಿಲ್ಲೋ ತೊಂಬತ್ತಕ್ಕೆ ಹತ್ತು ಕಡಿಮೆ, ಎಂಬತ್ತು ಡಿಗ್ರಿ ಕೊಟ್ಟಿದ್ದೆ. ನೀನು ಹೇಳಿದ ಹಾಗೇ ಅದನ್ನ ರೇಡಿಯನ್ ಮಾಡಿದೆ. ಅಡ್ಡಕ್ಕೆ ಕೊಸೈನ್, ಉದ್ದಕ್ಕೆ ಸೈನ್. ಕಾಗದದ ಮೇಲೆ ಅದು ಬಲಕ್ಕೇ ಬರಬೇಕು. ಪರದೆ ಮೇಲೆ ಎಡಕ್ಕೆ ಬಂತು, ಕಿಟಕೀಲಿ ಕಂಡ ಹಾಗೇ ಇದೆ ಅಂತ ಕಳಿಸ್ಬಿಟ್ಟೆ. ಎಡಕ್ಕೆ ಯಾಕೆ ಹೋಯ್ತು?"

ಈಗ ಅವನ ನಗು ನಿಂತಿತು.

"ಅಯ್ಯೋ..."

"ಏನು ಅಯ್ಯೋ?"

"ಕಾಗದದಲ್ಲಿ ನಾವು ಕೆಳಗಿಂದ ಮೇಲಕ್ಕೆ ಎಣಿಸ್ತೀವಿ. ಕಂಪ್ಯೂಟರು ಮೇಲಿಂದ ಕೆಳಕ್ಕೆ. ಅದಕ್ಕೇ ಚಿತ್ರ ತಲೆಕೆಳಗಾಗುತ್ತೆ, ಕೆಳಗಿನ ರೆಕ್ಕೆ ಮೇಲೆ ಬಂದು ಎಡಕ್ಕೆ ವಾಲುತ್ತೆ. ಸೈನ್ ಮುಂದೆ ಒಂದು ಮೈನಸ್ ಹಾಕ್ಬೇಕು... ಹೇಳೋದೇ ಮರೆತೆ."

"ಮರೆತ್ಯಾ! ಒಂದು ಮೈನಸ್ ನೀನೇ ಬಾಕಿ ಇಟ್ಕೊಂಡು, ನನ್ನ ಮೇಲೆ ಮುಖ ಊದಿಸ್ಕೊಂಡು ಬಂದ್ಯಾ?"

"ಊದಿಸ್ಕೊಂಡಿರ್ಲಿಲ್ಲ," ಅವನ ದನಿ ಇಳಿಯಿತು. "ನಿದ್ದೆ ಬಂದಿರ್ಲಿಲ್ಲ, ಅಷ್ಟೇ."

ನೀಂಕೆಯ ಕೋಪವೆಲ್ಲ ಕರಗಿಹೋಯಿತು. ಇವನು ರಾತ್ರಿಯಿಡೀ ಅವಳು ಒಲ್ಲೆ ಅಂದಳೆಂದೇ ನಂಬಿಕೊಂಡಿದ್ದ! ಆದರೂ ಮಾತು ಕೊಟ್ಟಂತೆ ಹಸು ಬಿಡಲು ಬಂದಿದ್ದ...

"ಕೊಡು ಫೋನು, ಸರಿಮಾಡ್ತೀನಿ," ಎಂದು ಅವನು ಕೈ ಚಾಚಿದ.

ಅವಳು ಫೋನನ್ನು ಜೇಬಿಗಿಳಿಸಿ, ಚಾಚಿದ ಆ ತಣ್ಣನೆಯ ಕೈಯನ್ನೇ ಹಿಡಿದಳು.

"ಬರ್ತೀನಿ ಹಾರ್ಮೆನ್. ನಿನ್ನ ಮನೆಗೆ. ನಿನ್ನ ಹೆಂಡ್ತಿಯಾಗಿ."

"ಜೋರಾಗಿ ಹೇಳೇ, ನಂಗೆ ಕೇಳಿಸ್ಲಿಲ್ಲ!" ಅತ್ತೆ ಬಾಗಿಲಿಂದ ಕೂಗಿದಳು.

"ನಿಂಗಲ್ಲ ಅತ್ತೆ ಹೇಳಿದ್ದು!"

ಹಾರ್ಮೆನ್ ಅವಳ ಹಣೆಗೆ ಹಣೆ ತಾಗಿಸಿದ.

"ಮತ್ತೆ... ಆ ಮೈನಸ್?" ಮೆಲ್ಲಗೆ ಕೇಳಿದ.

"ಬಾಕಿ ಇರ್ಲಿ ಬಿಡು. ಸಂಸಾರ ಶುರುವಾಗೋ ಮುಂಚೇನೇ ಲೆಕ್ಕ ಚುಕ್ತಾ ಆಗ್ಬಿಟ್ರೆ, ಆಮೇಲೆ ನಿನ್ನನ್ನ ಯಾವ ನೆಪ ಹೇಳಿ ಬೈಲಿ?"