ಇನ್ನೂರು ಗ್ರಾಂ ಜಾಸ್ತಿ

"ಇನ್ನೂರು ಗ್ರಾಂ ಜಾಸ್ತಿ ಇದೆಯಲ್ಲ," ಎಂದ ಅಪ್ಪ.

ಗಡಿಬಿಡಿ ಕಣ್ಣು ಮುಚ್ಚಿ ಉಸ್ಸೆಂದಳು. ಮುಗಿಯಿತು ಕತೆ. ಇನ್ನು ಅರ್ಧ ಗಂಟೆ ಈ ಮನೆಯಿಂದ ಕದಲುವ ಹಾಗಿಲ್ಲ.

ಗಡಿಬಿಡಿ ಅವಳ ನಿಜವಾದ ಹೆಸರಲ್ಲ. ಹಲ್ಲುಜ್ಜುತ್ತಲೇ ಶೂ ಹಾಕಿಕೊಳ್ಳುವ ಮಗಳಿಗೆ ಅಮ್ಮ ಇಟ್ಟ ಹೆಸರು. ಅಪ್ಪ ಅವಳಿಗೆ ತದ್ವಿರುದ್ಧ. ಅವನು ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಒಂದು ನಟ್ಟು ಬಿಗಿ ಮಾಡಿದರೆ ಮೂರು ಸಲ ಮುಟ್ಟಿ ನೋಡುವ ಆಸಾಮಿ. ಲಿಫ್ಟಿಗಾದರೆ ಅದು ಸರಿ. ಹಳೇ ಸ್ಪೀಕರಿಗೂ ಹಾಗೇ ಮಾಡಿದರೆ ಜೊತೆಗೆ ಬಂದವರ ಗತಿ ಏನು?

ಅಪ್ಪ ಸ್ಪೀಕರಿಗೆ ಪಟ್ಟಿ ಕಟ್ಟಿ, ಸೂಟ್‌ಕೇಸ್ ತೂಗುವ ಕೊಕ್ಕೆಗೆ ಅದನ್ನು ಮತ್ತೆ ನೇತುಹಾಕಿದ. ಕಂಪನಿಯವರು ಹೇಳಿರುವ ತೂಕ ಏಳು ಕಿಲೋ. ಇದು ಏಳು ಕಿಲೋ ಇನ್ನೂರು ಗ್ರಾಂ. ಇದರ ಜೋಡಿಯೂ ಅಷ್ಟೇ. ಮಾರುವವನು ಕೆಂಪು ಟೀ ಶರ್ಟ್ ಹಾಕಿಕೊಂಡು, ಗೋಡೆಗೆ ಒರಗಿ, ಕಾಲು ಅಲ್ಲಾಡಿಸುತ್ತ ನಿಂತಿದ್ದ.

ಇದೆಲ್ಲ ಶುರುವಾಗಿದ್ದು ಒಂದು ತಿಂಗಳ ಹಿಂದೆ. ಕ್ಲಾಸಿನವರೆಲ್ಲ ಸೇರಿ ಒಂದು ನಾಟಕ ಆಡುವುದಿತ್ತು. ಅದರಲ್ಲಿ ಗುಡುಗು ಬರುತ್ತದೆ, ರೈಲು ಬರುತ್ತದೆ. ಸ್ಪೀಕರ್ ಯಾರು ತರುತ್ತೀರಿ ಎಂದು ಟೀಚರ್ ಕೇಳಿ ಮುಗಿಸುವುದರೊಳಗೆ ಗಡಿಬಿಡಿಯ ಕೈ ಮೇಲೆ ಹೋಗಿತ್ತು. ಮನೆಯಲ್ಲಿ ಸ್ಪೀಕರೇ ಇಲ್ಲ ಎಂಬುದು ಅವಳಿಗೆ ನೆನಪಾಗಿದ್ದು ಕೈ ಇಳಿಸಿದ ಮೇಲೆ.

ಅಪ್ಪನಿಗೆ ಖುಷಿಯೋ ಖುಷಿ. ಒಳ್ಳೆಯ ಸ್ಪೀಕರ್ ಬೇಕೆಂದು ಅವನು ಎಷ್ಟೋ ವರ್ಷದಿಂದ ಆಸೆಪಟ್ಟಿದ್ದ. ಹೊಸದು ಕೈಗೆ ಎಟುಕುವುದಿಲ್ಲ. ಆನ್‌ಲೈನಲ್ಲಿ ಹಳೆಯವು ಸಿಗುತ್ತವೆ. ಆದರೆ ಅದರಲ್ಲಿ ಅರ್ಧಕ್ಕರ್ಧ ಡುಪ್ಲಿಕೇಟ್ ಅಂತೆ. ಹೊರಗೆ ಅದೇ ಡಬ್ಬ, ಅದೇ ಹೆಸರು, ಒಳಗೆ ಕಸ.

ಸರಿ, ಭಾನುವಾರ ಭಾನುವಾರ ಅಪ್ಪ ಮಗಳ ಮೆರವಣಿಗೆ ಹೊರಟಿತು. ಮೊದಲನೇ ಮನೆಯಲ್ಲಿ ಎರಡು ಸ್ಪೀಕರುಗಳ ಹಿಂದಿನ ನಂಬರು ಒಂದಕ್ಕೊಂದು ಹೊಂದಲಿಲ್ಲ. ಎರಡನೇ ಮನೆಯಲ್ಲಿ ಕಂಪನಿಯ ಹೆಸರಿನ ಪಟ್ಟಿ ಅಪ್ಪನ ಉಗುರಿಗೆ ಕಿತ್ತು ಬಂತು. ಮೂರನೇ ಮನೆಯಲ್ಲಿ ಫೋಟೋದಲ್ಲಿದ್ದದ್ದೇ ಬೇರೆ, ಮನೆಯಲ್ಲಿದ್ದದ್ದೇ ಬೇರೆ. ಮೂರು ಸಲವೂ ಬರಿಗೈಯಲ್ಲಿ ಬಸ್ಸು ಹತ್ತಿದ್ದರು. ಸೋಮವಾರ ಬಂತೆಂದರೆ ಕ್ಲಾಸ್ ಮಾನಿಟರ್ ಸೊಂಟಕ್ಕೆ ಕೈ ಇಟ್ಟುಕೊಂಡು, ಸ್ಪೀಕರ್ ಎಲ್ಲಿ ಎಂದು ಅವಳ ಪ್ರಾಣ ತಿನ್ನುತ್ತಿದ್ದಳು. ಈಗ ನಾಟಕಕ್ಕೆ ಉಳಿದಿರುವುದು ಮೂರೇ ದಿನ.

"ಒಂದ್ಸಲ ಹಾಡು ಹಾಕಿ ಕೇಳ್ಬಹುದಾ?" ಅಪ್ಪ ಕೇಳಿದ.

ಆಂಪ್ಲಿಫೈಯರ್ ನಿನ್ನೆಯೇ ಮಾರಿಹೋಯಿತು, ಅದಿಲ್ಲದೆ ಇದು ಹಾಡುವುದಿಲ್ಲ ಎಂದ ಕೆಂಪು ಟೀ ಶರ್ಟಿನವನು. ಅಪ್ಪ ಗೆಳೆಯನಿಂದ ಒಂದು ಆಂಪ್ಲಿಫೈಯರ್ ಇಸಿದುಕೊಂಡಿದ್ದ. ಆದರೆ ಅದು ಇದ್ದದ್ದು ಮನೆಯಲ್ಲಿ.

"ಹಾಗಾದ್ರೆ ಬಿಚ್ಚಿ ನೋಡ್ಬಿಡ್ತೀನಿ," ಎಂದು ಅಪ್ಪ ಚೀಲದಿಂದ ಹಳದಿ ಹಿಡಿಯ ಸ್ಕ್ರೂಡ್ರೈವರ್ ತೆಗೆದ. "ನಾಲ್ಕೇ ಸ್ಕ್ರೂ. ಅಸಲಿಯಾದ್ರೆ ಒಳಗಿರೋ ಮ್ಯಾಗ್ನೆಟ್ ದೊಡ್ಡದಿರುತ್ತೆ."

"ನೋಡಿ ಸಾರ್, ನನಗೇನು," ಎಂದ ಅವನು. "ಆದ್ರೆ ಇನ್ನೊಬ್ರು ದಾರೀಲಿದಾರೆ. ಅವರು ಬಂದ್ರೆ ಕೊಟ್ಬಿಡ್ತೀನಿ."

ಗಡಿಬಿಡಿಗೆ ತಲೆ ಚಿಟ್ಟು ಹಿಡಿಯಿತು. ಅಪ್ಪನ ನಾಲ್ಕು ಸ್ಕ್ರೂ ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲವೇ? ಮೊದಲು ಕನ್ನಡಕ ಒರೆಸಬೇಕು. ಆಮೇಲೆ ಸ್ಕ್ರೂ ಇಡಲು ಒಂದು ಕಾಗದ ಹಾಸಬೇಕು. ಆಮೇಲೆ ಯಾವ ಸ್ಕ್ರೂ ಎಲ್ಲಿಯದು ಎಂದು ಗುರುತು ಮಾಡಿಕೊಳ್ಳಬೇಕು. ಅಷ್ಟರಲ್ಲಿ ಆ ಇನ್ನೊಬ್ಬರು ಬಂದು ಸ್ಪೀಕರ್ ಎತ್ತಿಕೊಂಡು ಹೋಗಿರುತ್ತಾರೆ. ಮತ್ತೆ ಸೋಮವಾರ, ಮತ್ತೆ ಮಾನಿಟರ್.

"ಸಾಕಪ್ಪಾ!" ಅವಳು ಕೂಗಿಯೇಬಿಟ್ಟಳು. "ತೂಕ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ? ಕಮ್ಮಿ ಇದ್ರೆ ತಾನೇ ಮೋಸ? ನೀನು ಹಿಂಗೇ ಮಾಡಿದ್ರೆ ಇನ್ಮೇಲೆ ನಿನ್ ಜೊತೆ ಎಲ್ಲಿಗೂ ಬರಲ್ಲ."

ಹೇಳುತ್ತ ಹೇಳುತ್ತ ಅವಳು ಅಂಗೈಯಿಂದ ಕಣ್ಣು ಒರೆಸಿಕೊಂಡಳು. ಕೆಂಪು ಟೀ ಶರ್ಟಿನವನು ನಕ್ಕು, ಮಗು ಜಾಣೆ ಎಂದ.

ಅಪ್ಪ ಅವಳ ಮುಖ ನೋಡಿದ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದ. ಅದನ್ನು ಶರ್ಟಿನ ಜೇಬಿಗೆ ಸಿಕ್ಕಿಸಿಕೊಂಡು, ದುಡ್ಡು ತೆಗೆದು ಕೊಟ್ಟ.

ಬಸ್ಸಿನಲ್ಲಿ ಅವಳು ಒಂದು ಸ್ಪೀಕರನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಭಾರಕ್ಕೆ ಕಾಲು ಜೋಮು ಹಿಡಿಯಿತು. ಆದರೂ ಕೆಳಗಿಡಲಿಲ್ಲ.

ಮನೆಯಲ್ಲಿ ವೈರು ಸಿಕ್ಕಿಸಿ ಹಾಡು ಹಾಕಿದರೆ, ಯಾರೋ ಬಿಂದಿಗೆಯೊಳಗೆ ಬಾಯಿಟ್ಟು ಹಾಡಿದ ಹಾಗೆ ಕೇಳಿಸಿತು. ಸ್ವಲ್ಪ ಜೋರು ಮಾಡಿದರೆ ಗೊರಗೊರ. ಗುಡುಗು ಹಾಕಿ ನೋಡೋಣ ಎಂದಳು ಗಡಿಬಿಡಿ. ಗುಡುಗಿನ ಬದಲು ಕೆಮ್ಮು ಬಂತು.

ಅಪ್ಪ ಕನ್ನಡಕ ಒರೆಸಿದ. ಕಾಗದ ಹಾಸಿದ. ನಾಲ್ಕು ಸ್ಕ್ರೂ ಬಿಚ್ಚಿದ. ಒಳಗೆ ಬಾಟಲಿಯ ಮುಚ್ಚಳದಷ್ಟೇ ಚಿಕ್ಕ ಮ್ಯಾಗ್ನೆಟ್ ಇತ್ತು. ಅದರ ಕೆಳಗೆ, ತೂಕಕ್ಕೆಂದು ಅಂಟು ಬಳಿದು ಕೂರಿಸಿದ ಇಟ್ಟಿಗೆಯ ತುಂಡು ಇತ್ತು.

ಇನ್ನೊಂದನ್ನು ಬಿಚ್ಚಿದ. ಅದರಲ್ಲೂ ಇಟ್ಟಿಗೆ.

ಫೋನ್ ಮಾಡಿದರೆ ಸ್ವಿಚ್ ಆಫ್. ಆನ್‌ಲೈನಲ್ಲಿ ಹಾಕಿದ್ದ ಜಾಹೀರಾತೂ ಮಾಯ. ಅಪ್ಪ ಈಗ ಬೈಯುತ್ತಾನೆ ಎಂದು ಗಡಿಬಿಡಿ ಕಾದಳು. ಅವನು ಇಟ್ಟಿಗೆಯ ತುಂಡನ್ನು ಕೈಯಲ್ಲಿ ಹಿಡಿದು ತೂಗುತ್ತ ಕುಳಿತಿದ್ದ, ಅಷ್ಟೇ.

ಅಷ್ಟರಲ್ಲಿ ಅಮ್ಮ ಬಂದಳು. ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ, ಭಾನುವಾರವೂ ರಜೆ ಇಲ್ಲ. ಚೀಲ ಕೆಳಗಿಡುವ ಮೊದಲೇ ಇಟ್ಟಿಗೆ ನೋಡಿದಳು.

"ಏನ್ರೀ ಇದು? ನೀವು ಬಿಚ್ಚಿ ನೋಡ್ಲಿಲ್ವಾ?"

ಗಡಿಬಿಡಿ ಕಾಗದದ ಮೇಲಿದ್ದ ಸ್ಕ್ರೂಗಳನ್ನು ಎಣಿಸತೊಡಗಿದಳು.

"ಸ್ಕ್ರೂಡ್ರೈವರ್ ಮರ್ತು ಹೋಗಿದ್ದೆ," ಎಂದ ಅಪ್ಪ.

ಅಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊಟ ಮರೆತರೂ ಸ್ಕ್ರೂಡ್ರೈವರ್ ಮರೆಯದ ಮನುಷ್ಯ, ಹಾಲಿನ ಪ್ಯಾಕೆಟ್ಟಿನ ತಾರೀಖನ್ನು ಎರಡು ಸಲ ಓದುವ ಮನುಷ್ಯ, ಇವತ್ತೇ ಮರೆಯಬೇಕಿತ್ತೇ ಎಂದು ಊಟ ಮುಗಿಯುವವರೆಗೂ ಅವನ ಕಾಲು ಎಳೆದಳು. ಅಪ್ಪ ತಲೆ ಬಗ್ಗಿಸಿಕೊಂಡು ಅನ್ನ ಕಲಸಿದ. ಗಡಿಬಿಡಿ ತಟ್ಟೆಯ ಅನ್ನವನ್ನು ಆಚೆ ಈಚೆ ತಳ್ಳಿದಳು. ಅಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಇವಳೇ ಬೇಡ ಅಂದಳು ಎಂದು ಹೇಳಿಬಿಟ್ಟಿದ್ದರೆ ಆಗುತ್ತಿರಲಿಲ್ಲವೇ? ಎರಡು ಬೈಗುಳ ತಿಂದು ಅತ್ತು ಮಲಗಬಹುದಿತ್ತು.

ಸೋಮವಾರ ಮಾನಿಟರ್ ಎಂದಿನಂತೆ ಸೊಂಟಕ್ಕೆ ಕೈ ಇಟ್ಟುಕೊಂಡು ಬಂದಳು. ನಡೆದದ್ದನ್ನು ಕೇಳಿ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.

"ನಿಮ್ಮಪ್ಪಂಗೆ ಅಷ್ಟೂ ಗೊತ್ತಾಗಲ್ವಾ?" ಮಾನಿಟರ್ ಕೇಳಿದಳು.

"ಸ್ಕ್ರೂಡ್ರೈವರ್ ಮರ್ತು ಹೋಗಿದ್ದ," ಎಂದಳು ಗಡಿಬಿಡಿ.

ಅಪ್ಪ ಹೇಳಿದಾಗ ಆ ಸುಳ್ಳು ಒಂಥರಾ ಕೇಳಿಸಿತ್ತು. ತನ್ನ ಬಾಯಲ್ಲಿ ಬಂದಾಗ ಅದು ತಪ್ಪನ್ನೆಲ್ಲ ಅಪ್ಪನ ತಲೆಗೆ ಕಟ್ಟಿದ ಹಾಗಾಯಿತು.

ಬುಧವಾರ ನಾಟಕವೇನೂ ನಿಲ್ಲಲಿಲ್ಲ. ಟೀಚರ್ ತಮ್ಮ ಫೋನನ್ನು ಖಾಲಿ ಸ್ಟೀಲ್ ಬಕೆಟ್ಟಿನೊಳಗೆ ಇಟ್ಟರು. ಗುಡುಗು ಪರವಾಗಿಲ್ಲ ಎನ್ನುವಂತಿತ್ತು. ರೈಲು ಮಾತ್ರ ಮಿಕ್ಸಿ ತಿರುಗಿದ ಹಾಗೆ ಬಂತು.

ಭಾನುವಾರ ಅಪ್ಪ ಮತ್ತೆ ಹೊರಟ. ಈ ಸಲ ಅಷ್ಟು ದೊಡ್ಡದೇನೂ ಅಲ್ಲ, ಬರೀ ಒಂದು ಸಣ್ಣ ಸ್ಪೀಕರ್. ಬರ್ತೀಯಾ ಎಂದು ಅವನು ಮಗಳನ್ನು ಕೇಳಲಿಲ್ಲ. ಬಾಗಿಲ ಬಳಿ ಕುಳಿತು ಶೂ ಲೇಸ್ ಕಟ್ಟತೊಡಗಿದ. ಅಪ್ಪ ಲೇಸ್ ಕಟ್ಟುವುದೆಂದರೆ ಅದೊಂದು ದೊಡ್ಡ ಕಾರ್ಯಕ್ರಮ.

ಕೆಲಸಕ್ಕೆ ಹೊರಟಿದ್ದ ಅಮ್ಮ ಬಾಚಣಿಗೆ ಹಿಡಿದುಕೊಂಡೇ ಇಣುಕಿದಳು.

"ಏನ್ರೀ, ಇವತ್ತಾದ್ರೂ ಸ್ಕ್ರೂಡ್ರೈವರ್ ನೆನಪಿದೆಯಾ?"

ಅಪ್ಪ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಗಡಿಬಿಡಿ ಬಂದಳು. ಅವಳ ಚೀಲದಲ್ಲಿ ಹಳದಿ ಹಿಡಿ ಕಾಣುತ್ತಿತ್ತು.

"ಇದೆ, ನನ್ನ ಹತ್ರ," ಎಂದಳು. ಆಮೇಲೆ ನೆಲ ನೋಡುತ್ತ ಹೇಳಿದಳು, "ಹೋದ ವಾರಾನೂ ಅಪ್ಪ ಮರ್ತಿರ್ಲಿಲ್ಲ ಅಮ್ಮ. ಜೇಬಲ್ಲೇ ಇತ್ತು. ಬಿಚ್ಚೋದಕ್ಕೆ ನಾನೇ ಬಿಡ್ಲಿಲ್ಲ."

ಅಮ್ಮನ ಬಾಚಣಿಗೆ ಕೂದಲಲ್ಲೇ ನಿಂತಿತು. ಅವಳು ಮಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಒಳಗೆ ಹೋದಳು.

ಅಪ್ಪ ಕಟ್ಟಿದ್ದ ಲೇಸನ್ನು ಬಿಚ್ಚಿದ. ಕೆಮ್ಮಿದ. ಮತ್ತೆ ಮೊದಲಿನಿಂದ ಕಟ್ಟತೊಡಗಿದ.

ಇನ್ನು ಐದು ನಿಮಿಷದಲ್ಲಿ ಬಸ್ಸಿತ್ತು. ಗಡಿಬಿಡಿ ಅವನ ಪಕ್ಕದಲ್ಲಿ, ಮೆಟ್ಟಿಲ ಮೇಲೆ ಕುಳಿತುಕೊಂಡಳು.

"ನಿಧಾನ ಕಟ್ಟಪ್ಪ," ಎಂದಳು. "ಇನ್ನೊಂದು ಬಸ್ ಬರುತ್ತೆ."